ಮನೆಯಿಂದಲೇ ವ್ಯಾಪಾರ, ಈಗ ನಾಲ್ಕನೇ ತಿಂಗಳು: ದಸರಾ–ದೀಪಾವಳಿಯ ಆರ್ಡರು ಒಪ್ಪಿಕೊಳ್ಳಲೇ, ಬಿಡಲೇ?

ಮೂರ್ನಾಡು ಮನೆರುಚಿ

ಎಲ್ಲರಿಗೂ ನಮಸ್ಕಾರ. ಕೊಡಗಿನ ಮೂರ್ನಾಡಿನ ಸಮೀಪದ ನಮ್ಮ ಮನೆಯಿಂದಲೇ ನಾನು ಕಾಫಿಪುಡಿ, ಉಪ್ಪಿನಕಾಯಿ ಮತ್ತು ಹೋಮ್‌ಮೇಡ್ ಚಾಕೊಲೇಟ್ ಮಾಡಿ ಮಾರುತ್ತೇನೆ. ಆರ್ಡರುಗಳು ವಾಟ್ಸ್‌ಆ್ಯಪ್‌ನಲ್ಲಿ ಬರುತ್ತವೆ, ಸರಕು ಸ್ಪೀಡ್ ಪೋಸ್ಟಿನಲ್ಲೋ ಬಸ್ಸಿನ ಪಾರ್ಸೆಲ್ಲಿನಲ್ಲೋ ಮೈಸೂರು, ಬೆಂಗಳೂರಿಗೆ ಹೋಗುತ್ತದೆ. ಈಗ ನನಗೆ ನಾಲ್ಕನೇ ತಿಂಗಳು; ಚೊಚ್ಚಲ ಹೆರಿಗೆ ಜನವರಿಯ ಮಧ್ಯದಲ್ಲಿ ಆಗಬಹುದೆಂದು ವೈದ್ಯರು ಹೇಳಿದ್ದಾರೆ.

ನನ್ನ ವ್ಯಾಪಾರದ ಹೆಚ್ಚಿನ ಪಾಲು ನಡೆಯುವ ದಸರಾ, ದೀಪಾವಳಿ, ಪುತ್ತರಿ (ಕೊಡಗಿನ ಸುಗ್ಗಿ ಹಬ್ಬ), ಕ್ರಿಸ್‌ಮಸ್ ನಾಲ್ಕೂ ಆರನೇ ತಿಂಗಳಿನಿಂದ ಒಂಬತ್ತನೇ ತಿಂಗಳೊಳಗೆ ಬರುತ್ತವೆ. ಬೆಂಗಳೂರಿನ ಒಂದು ಕಚೇರಿಯವರು ದೀಪಾವಳಿಗೆ ಚಾಕೊಲೇಟ್ ಪೆಟ್ಟಿಗೆಗಳು ಬೇಕೆಂದು ಈಗಲೇ ಕೇಳುತ್ತಿದ್ದಾರೆ, ಮುಂಗಡವನ್ನೂ ಕೊಡಲು ಸಿದ್ಧರಿದ್ದಾರೆ. ಇತ್ತ ನನ್ನ ಸ್ಥಿತಿ ಹೇಗಿದೆಯೆಂದರೆ, ಕಾಫಿಬೀಜ ಹುರಿಯುವ ಹೊಗೆ ಮೂಗಿಗೆ ತಾಕಿದ ಕೂಡಲೇ ವಾಂತಿಯಾಗುತ್ತದೆ, ಮಧ್ಯಾಹ್ನದ ಊಟ ಮುಗಿದರೆ ಕಣ್ಣು ತೆರೆದಿಡಲಾಗದಷ್ಟು ನಿದ್ದೆ ಬರುತ್ತದೆ, ಅದು ಹೇಗೋ ತಡೆದುಕೊಂಡು ಮಿಕ್ಸಿಯ ಮುಂದೆ ನಿಂತರೆ ಕಕ್ಕಡ ತಿಂಗಳ (ಜುಲೈ–ಆಗಸ್ಟ್) ಮಳೆಗೆ ಕರೆಂಟು ಹೋಗಿರುತ್ತದೆ.

ಇದೆಲ್ಲಕ್ಕಿಂತ ದೊಡ್ಡ ತೊಡಕು ಬೇರೆ ಇದೆ. ದಿನವಿಡೀ ಮನೆಯಲ್ಲೇ ಇರುವುದರಿಂದ ನಾನು ಕೆಲಸದಲ್ಲಿದ್ದೇನೆ ಎಂದು ಯಾರಿಗೂ ತೋರುವುದಿಲ್ಲ. ನಮ್ಮ ಮನೆಯವರು ಒಳ್ಳೆಯವರೇ, ‘ಸುಸ್ತಾದರೆ ಮಲಗು’ ಎನ್ನುತ್ತಾರೆ. ಆದರೆ ಮಲಗಿ ಏಳುವಷ್ಟರಲ್ಲಿ ಅಡುಗೆಯೂ ಹಾಗೆಯೇ ಉಳಿದಿರುತ್ತದೆ, ಪ್ಯಾಕಿಂಗ್ ಕೂಡ ಹಾಗೆಯೇ ಉಳಿದಿರುತ್ತದೆ. ಗರ್ಭಿಣಿಯಾಗಿದ್ದಾಗ ಮನೆಯಿಂದ ವ್ಯಾಪಾರ ನಡೆಸಿದವರು ಕೆಲಸವನ್ನು ಹೇಗೆ ಹಂಚಿಕೊಂಡಿರಿ, ಯಾವುದನ್ನು ಕೈಬಿಟ್ಟಿರಿ ಎಂಬುದನ್ನು ದಯವಿಟ್ಟು ತಿಳಿಸಿ.

ಕುಶಾಲನಗರ ಹೊಲಿಗೆಮನೆ

ಅಭಿನಂದನೆಗಳು ತಂಗಿ. ನಾನು ಎರಡು ಮಕ್ಕಳನ್ನೂ ಹೊಲಿಗೆಯ ಮೆಷಿನ್ನಿನ ಮುಂದೆ ಕುಳಿತೇ ಹೊತ್ತವಳು. ನೀವು ‘ಎಷ್ಟು ಆರ್ಡರು’ ಎಂದು ಯೋಚಿಸುತ್ತಿದ್ದೀರಿ, ಮೊದಲು ‘ಎಷ್ಟು ಬಗೆ’ ಎಂದು ಯೋಚಿಸಿ. ಮದುವೆಯ ಬ್ಲೌಸ್ ಎಂದರೆ ಅಳತೆ, ಕಸೂತಿ, ತಿದ್ದುಪಡಿ, ಜೊತೆಗೆ ಮದುಮಗಳ ತಾಯಿಯ ದಿನಕ್ಕೊಂದು ಫೋನು. ನಾನು ಏಳನೇ ತಿಂಗಳಿನಿಂದ ಅವನ್ನು ಪೂರ್ತಿಯಾಗಿ ನಿಲ್ಲಿಸಿ ಫಾಲ್ಸ್, ಶಾಲಾ ಸಮವಸ್ತ್ರ, ಸಾದಾ ಬ್ಲೌಸುಗಳನ್ನು ಮಾತ್ರ ಇಟ್ಟುಕೊಂಡೆ. ವರಮಾನ ಕುಸಿಯಿತು, ನಿಜ, ಆದರೆ ಒಬ್ಬ ಗಿರಾಕಿಗೂ ತಡವಾಗಲಿಲ್ಲ. ಮೂರು ಸರಕುಗಳ ವ್ಯಾಪಾರ ಎಂದರೆ ಮೂರು ಬಗೆಯ ಸಾಮಾನು, ಮೂರು ಬಗೆಯ ಪಾತ್ರೆ, ಮೂರು ಬಗೆಯ ತಲೆನೋವು. ಒಂದನ್ನಾದರೂ ಈ ವರ್ಷಕ್ಕೆ ಬದಿಗಿಡಿ.

ಇನ್ನೊಂದು ಮಾತು: ಕಾಲಿನಿಂದ ತುಳಿಯುವ ಮೆಷಿನ್ನಿಗೆ ಮೋಟರ್ ಹಾಕಿಸಿದ್ದೇ ನನಗಾದ ದೊಡ್ಡ ಉಪಕಾರ. ನಿಮ್ಮ ಕೆಲಸದಲ್ಲಿ ಅಂಥದ್ದು ಯಾವುದು ಎಂದು ನೋಡಿಕೊಳ್ಳಿ.

ಸಿದ್ದಾಪುರದ ತೋಟದವರು

ಇಷ್ಟೊಂದು ಯೋಚನೆ ಯಾಕೆ ಮಗಳೇ? ಒಂದು ವರ್ಷ ವ್ಯಾಪಾರ ಬಿಟ್ಟರೆ ಏನೂ ಮುಳುಗುವುದಿಲ್ಲ. ಮಗು ಆದ ಮೇಲೆ ಮತ್ತೆ ಶುರು ಮಾಡಬಹುದು. ಒಳ್ಳೆಯ ಸರಕು ಕೊಟ್ಟಿದ್ದರೆ ಗಿರಾಕಿಗಳು ತಾವಾಗಿಯೇ ಹಿಂತಿರುಗಿ ಬರುತ್ತಾರೆ.

ಕಕ್ಕಬೆ ಹೋಮ್‌ಸ್ಟೇ

ಮಾವ, ನಿಮ್ಮ ಮೇಲಿನ ಗೌರವದಿಂದಲೇ ಕೇಳುತ್ತೇನೆ: ಈ ವರ್ಷ ಮನೆಯಲ್ಲಿ ಮದುವೆಯಿದೆ ಎಂದು ತೋಟಕ್ಕೆ ಗೊಬ್ಬರ ಹಾಕದೆ, ನೆರಳು ಕಡಿಸದೆ ಬಿಡುತ್ತೀರಾ? ಆನ್‌ಲೈನ್ ಗಿರಾಕಿಗಳು ಆರು ತಿಂಗಳು ಹೆಸರು ಕಾಣದಿದ್ದರೆ ಇನ್ನೊಬ್ಬರ ನಂಬರ್ ಉಳಿಸಿಕೊಂಡಿರುತ್ತಾರೆ. ಪೂರ್ತಿ ನಿಲ್ಲಿಸುವುದಕ್ಕೂ ಪೂರ್ತಿ ನಡೆಸುವುದಕ್ಕೂ ನಡುವೆ ಬೇಕಾದಷ್ಟು ಜಾಗವಿದೆ, ಆ ತಂಗಿ ಕೇಳುತ್ತಿರುವುದು ಅದನ್ನೇ.

ನನ್ನ ಅನುಭವ ಹೇಳುತ್ತೇನೆ. ಹೋಮ್‌ಸ್ಟೇಯಲ್ಲಿ ಅತಿಥಿಗಳು ಬಂದರೆ ಬೆಳಗಿನ ಕಾಫಿಯಿಂದ ರಾತ್ರಿಯ ಪಂದಿಕರಿಯವರೆಗೆ ನಾವು ಅವರ ಹೊತ್ತಿಗೆ ಓಡಬೇಕಾಗುತ್ತದೆ. ನಾನು ಬಸುರಿಯಾಗಿದ್ದಾಗ ಮಹಡಿಯ ಕೋಣೆಗಳನ್ನು ಮುಚ್ಚಿ ಕೆಳಗಿನವನ್ನು ಮಾತ್ರ ಕೊಟ್ಟೆ, ಏಕೆಂದರೆ ಹೊದಿಕೆ ಹೊತ್ತು ಮೆಟ್ಟಿಲು ಹತ್ತುವುದೇ ನನಗೆ ಅತಿ ಕಷ್ಟವಾಗಿತ್ತು. ವಾರದ ನಡುವೆ ಬುಕಿಂಗ್ ತೆಗೆದುಕೊಳ್ಳಲೇ ಇಲ್ಲ. ಊಟದಲ್ಲಿ ಒಂದೇ ಪಟ್ಟಿ ಇಟ್ಟೆ: ಕಡಂಬುಟ್ಟು ಇದ್ದ ದಿನ ನೂಲುಪುಟ್ಟು ಇಲ್ಲ. ಯಾವ ಅತಿಥಿಯೂ ಇದಕ್ಕಾಗಿ ಸಿಟ್ಟಾಗಲಿಲ್ಲ. ‘ಎಲ್ಲವನ್ನೂ ಮಾಡಿಕೊಡಬೇಕು’ ಎಂಬುದು ಬಹುಪಾಲು ನಮ್ಮ ತಲೆಯೊಳಗಿನ ನಿಯಮ.

ಸಿದ್ದಾಪುರದ ತೋಟದವರು

ಗೊಬ್ಬರದ ಮಾತು ಒಪ್ಪಿದೆ. ಆದರೆ ತೋಟದಲ್ಲಿ ನಾನು ಇಲ್ಲದಿದ್ದರೆ ಮೇಸ್ತ್ರಿ ಇರುತ್ತಾನೆ. ಇವರ ಅಡುಗೆಮನೆಯಲ್ಲಿ ಮೇಸ್ತ್ರಿ ಯಾರು?

ಕಕ್ಕಬೆ ಹೋಮ್‌ಸ್ಟೇ

ಅದನ್ನು ಅವರ ಮನೆಯವರನ್ನು ಕೇಳಬೇಕು!

ಸೋಮವಾರಪೇಟೆ ನಿವೃತ್ತ ಶುಶ್ರೂಷಕಿ

ಹೆರಿಗೆ ವಿಭಾಗದಲ್ಲಿ ಬಹಳ ಕಾಲ ಕೆಲಸ ಮಾಡಿದವಳಾಗಿ ಕೆಲವು ವಿಷಯಗಳನ್ನು ಬರೆಯುತ್ತೇನೆ. ನಿಮ್ಮ ವೈದ್ಯರು ಬೇರೆ ಹೇಳಿದ್ದರೆ ಅವರ ಮಾತೇ ಅಂತಿಮ.

ಗರ್ಭಿಣಿ ಆರೋಗ್ಯವಾಗಿದ್ದು ತೊಡಕಿಲ್ಲದಿದ್ದರೆ ಕೆಲಸ ಮಾಡುವುದರಿಂದ ಮಗುವಿಗೆ ಕೇಡಿಲ್ಲ. ಕೇಡು ಇರುವುದು ಕೆಲಸದ ಬಗೆಯಲ್ಲಿ. ಗಂಟೆಗಟ್ಟಲೆ ಒಂದೇ ಕಡೆ ನಿಲ್ಲುವುದು, ತುಂಬಿದ ಭರಣಿ ಎತ್ತುವುದು, ಒಲೆಯ ಬಿಸಿಯಲ್ಲಿ ನೀರು ಕುಡಿಯದೆ ದುಡಿಯುವುದು, ಊಟದ ಹೊತ್ತು ದಾಟಿಸುವುದು, ಇವುಗಳನ್ನು ಬಿಡಬೇಕು. ಚಾಕೊಲೇಟ್ ಅಚ್ಚಿಗೆ ಹೊಯ್ಯುವುದು, ಕಾಗದ ಸುತ್ತುವುದು, ಲೇಬಲ್ ಅಂಟಿಸುವುದನ್ನೆಲ್ಲ ಕುರ್ಚಿಯಲ್ಲಿ ಕುಳಿತು, ಕಾಲನ್ನು ಗಿಡ್ಡ ಮಣೆಯ ಮೇಲಿಟ್ಟು ಮಾಡಬಹುದು. ವಾಕರಿಕೆ ಹೆಚ್ಚಿನವರಿಗೆ ನಾಲ್ಕನೇ ತಿಂಗಳ ಹೊತ್ತಿಗೆ ಇಳಿಯತೊಡಗುತ್ತದೆ. ಆಮೇಲಿನ ಕೆಲವು ವಾರಗಳು ಮೈ ಸ್ವಲ್ಪ ಹಗುರವಾಗಿರುವ ಕಾಲ, ತ್ರಾಣ ಬೇಡುವ ಕೆಲಸಗಳನ್ನು ಆಗ ಮುಗಿಸಿಕೊಳ್ಳಿ. ಕಾಫಿ ಹುರಿಯುವ ಕೆಲಸವನ್ನು ಮಾತ್ರ ಈಗಲೇ ಇನ್ನೊಬ್ಬರಿಗೆ ವಹಿಸಿ, ಆ ಹೊಗೆಯಲ್ಲಿ ನಿಲ್ಲುವುದು ಈ ಸಮಯದಲ್ಲಿ ಒಳ್ಳೆಯದಲ್ಲ.

ಕಾಫಿ ವ್ಯಾಪಾರದವರಾದ್ದರಿಂದ ಇದನ್ನೂ ಹೇಳಬೇಕು. ಗರ್ಭಿಣಿಯರು ದಿನಕ್ಕೆ 200 ಮಿಲಿಗ್ರಾಂ ಕೆಫೀನ್ ದಾಟಬಾರದೆಂದು ಅನೇಕ ತಜ್ಞರು ಸಲಹೆ ಕೊಡುತ್ತಾರೆ. ನಮ್ಮ ಜಿಲ್ಲೆಯಲ್ಲಿ ಹೆಚ್ಚು ಬೆಳೆಯುವ ರೊಬಸ್ಟಾದಲ್ಲಿ ಅರೇಬಿಕಾಕ್ಕಿಂತ ಸುಮಾರು ಎರಡು ಪಟ್ಟು ಕೆಫೀನ್ ಇರುತ್ತದೆ. ಪುಡಿಯ ಹದ ನೋಡಲು ದಿನವಿಡೀ ಗುಟುಕು ಕುಡಿಯುವ ಅಭ್ಯಾಸವಿದ್ದರೆ ರುಚಿ ನೋಡಿ ಉಗುಳಿಬಿಡಿ. ಕಬ್ಬಿಣದ ಮಾತ್ರೆ ನುಂಗಿದ ಹೊತ್ತಿನಲ್ಲಂತೂ ಕಾಫಿ, ಚಹಾ ಎರಡೂ ಬೇಡ, ಅವು ಕಬ್ಬಿಣಾಂಶ ಮೈಗೆ ಹತ್ತದಂತೆ ಮಾಡುತ್ತವೆ. ಕ್ಯಾಲ್ಸಿಯಂ ಮಾತ್ರೆಯನ್ನೂ ಅದರ ಜೊತೆ ತೆಗೆದುಕೊಳ್ಳದೆ ಬೇರೆ ಹೊತ್ತಿಗೆ ಇಟ್ಟುಕೊಳ್ಳಿ.

ಸಕ್ಕರೆ ಪರೀಕ್ಷೆಯನ್ನು 24ರಿಂದ 28ನೇ ವಾರದೊಳಗೆ ತಪ್ಪದೆ ಮಾಡಿಸಿ. 75 ಗ್ರಾಂ ಗ್ಲೂಕೋಸ್ ಕುಡಿಸಿ ಎರಡು ಗಂಟೆಯ ನಂತರ ರಕ್ತ ನೋಡುತ್ತಾರೆ, 140 ಅಥವಾ ಅದಕ್ಕಿಂತ ಹೆಚ್ಚು ಬಂದರೆ ಗರ್ಭಾವಸ್ಥೆಯ ಸಕ್ಕರೆ ಕಾಯಿಲೆ ಎಂದು ಪರಿಗಣಿಸುತ್ತಾರೆ. ನಿಮ್ಮ ಲೆಕ್ಕದಲ್ಲಿ ಅದು ದೀಪಾವಳಿಯ ಚಾಕೊಲೇಟ್ ಕೆಲಸಕ್ಕೆ ತುಸು ಮೊದಲೇ ಬರುತ್ತದೆ, ಒಳ್ಳೆಯದೇ ಆಯಿತು. ಪ್ರತಿ ತಿಂಗಳ 9ನೇ ತಾರೀಕು ಸರ್ಕಾರಿ ಆಸ್ಪತ್ರೆಗಳಲ್ಲಿ ಗರ್ಭಿಣಿಯರಿಗೆ ಉಚಿತ ತಪಾಸಣೆ ಇರುತ್ತದೆ, ಈ ಸುರಕ್ಷಿತ ಮಾತೃತ್ವ ಅಭಿಯಾನ 2016ರಿಂದ ನಡೆಯುತ್ತಿದೆ. ಆ ದಿನ ಪಾರ್ಸೆಲ್ ಕಳಿಸುವುದಿಲ್ಲವೆಂದು ಗಿರಾಕಿಗಳಿಗೆ ಮೊದಲೇ ತಿಳಿಸಿಬಿಡಿ.

ತೀವ್ರ ತಲೆನೋವು, ಕಣ್ಣು ಮಂಜಾಗುವುದು, ಮುಖ ಅಥವಾ ಕೈ ಊದಿಕೊಳ್ಳುವುದು, ರಕ್ತ ಕಾಣಿಸುವುದು, ನೀರು ಹೋಗುವುದು, ಮಗುವಿನ ಚಲನೆ ಕಡಿಮೆಯಾಗುವುದು, ಇವುಗಳಲ್ಲಿ ಯಾವುದು ಕಂಡರೂ ಒಲೆ ಆರಿಸಿ ನೇರವಾಗಿ ಆಸ್ಪತ್ರೆಗೆ ಹೊರಡಬೇಕು. ಆರ್ಡರು ಮುಗಿಸಿ ಹೋಗುತ್ತೇನೆ ಎಂದು ಕಾದು ಕುಳಿತವರನ್ನು ನಾನು ನೋಡಿದ್ದೇನೆ.

ಗೋಣಿಕೊಪ್ಪದ ಸೊಸೆ

ಅಮ್ಮ, ಇದು ಕಕ್ಕಡವಾದ್ದರಿಂದ ಕೇಳುತ್ತಿದ್ದೇನೆ. ಆಗಸ್ಟ್ 3ರ ಸುಮಾರಿಗೆ ಮದ್ದು ಸೊಪ್ಪಿನ ಪಾಯಸ ಮಾಡಿ ಅಕ್ಕಪಕ್ಕದವರಿಗೆ ಮಾರುವ ಪದ್ಧತಿ ನನ್ನದು. ನಾನೂ ಈಗ ಗರ್ಭಿಣಿ. ರುಚಿ ನೋಡದೆ ಕೊಡುವುದಾದರೂ ಹೇಗೆ?

ಸೋಮವಾರಪೇಟೆ ನಿವೃತ್ತ ಶುಶ್ರೂಷಕಿ

ಯಾವ ಔಷಧಿ ಸೊಪ್ಪನ್ನೇ ಆಗಲಿ ಗರ್ಭಿಣಿಯರು ವೈದ್ಯರನ್ನು ಕೇಳದೆ ಸೇವಿಸುವುದು ಬೇಡ. ರುಚಿಯನ್ನು ನಿಮ್ಮ ಅತ್ತೆಯವರು ನೋಡಲಿ. ಮದ್ದು ಸೊಪ್ಪು ತಿಂದರೆ ಮೂತ್ರ ಕೆಂಪಾಗುವುದು ಕೊಡಗಿನಲ್ಲಿ ಎಲ್ಲರಿಗೂ ತಿಳಿದ ಸಂಗತಿ. ಗರ್ಭಿಣಿಗೆ ಅದು ಕಂಡರೆ ರಕ್ತವೆಂದು ಭಾವಿಸಿ ಗಾಬರಿಯಾಗುತ್ತಾಳೆ, ಇನ್ನೂ ಕೆಟ್ಟದ್ದೆಂದರೆ ನಿಜವಾಗಿ ರಕ್ತ ಹೋದಾಗ ಸೊಪ್ಪಿನ ಬಣ್ಣವೆಂದು ಸುಮ್ಮನಿದ್ದುಬಿಡುತ್ತಾಳೆ.

ಪೊನ್ನಂಪೇಟೆ ದ್ರಾಕ್ಷಿ

ರುಚಿಯ ಮಾತು ಬಂದಿರುವುದರಿಂದ ನನ್ನದೊಂದು ಪ್ರಶ್ನೆ. ನಾನು ಮನೆಯಲ್ಲಿ ವೈನ್ ಮಾಡಿ ಪರಿಚಯದವರಿಗೆ ಕೊಡುತ್ತೇನೆ. ಹುಳಿ ಎಷ್ಟು ಬಂದಿದೆ ಎಂದು ಚಮಚದಷ್ಟು ನೋಡುವುದರಿಂದ ತೊಂದರೆಯಿದೆಯೇ?

ಸೋಮವಾರಪೇಟೆ ನಿವೃತ್ತ ಶುಶ್ರೂಷಕಿ

ಗರ್ಭಿಣಿಯರಿಗೆ ಇಷ್ಟು ಮದ್ಯ ಸುರಕ್ಷಿತ ಎಂಬ ಅಳತೆಯೇ ಇಲ್ಲ. ಚಮಚವೂ ಬೇಡ.

ಮಡಿಕೇರಿ ಲೆಕ್ಕಪತ್ರ

ಜೊತೆಗೆ, ಅಬಕಾರಿ ಪರವಾನಗಿ ಇಲ್ಲದೆ ವೈನ್ ಮಾರುವುದು ಕಾನೂನಿಗೆ ವಿರುದ್ಧ. ಪೇಟೆಯಲ್ಲಿ ಎಷ್ಟೋ ಅಂಗಡಿಗಳ ಮುಂದೆ ‘ಹೋಮ್‌ಮೇಡ್ ವೈನ್’ ಎಂಬ ಫಲಕ ಕಾಣುತ್ತದೆ ಎಂಬುದು ಅನುಮತಿಯಾಗುವುದಿಲ್ಲ. ಹೊಟ್ಟೆಯಲ್ಲಿ ಮಗುವಿರುವಾಗ ದಂಡ, ಜಪ್ತಿಗಳ ಚಿಂತೆಯನ್ನು ಯಾಕೆ ಹೊತ್ತುಕೊಳ್ಳುತ್ತೀರಿ? ಈ ಹೊತ್ತಿನಲ್ಲಿ ಕೈಬಿಡಲು ಇದಕ್ಕಿಂತ ಸುಲಭದ ಸರಕು ಇನ್ನೊಂದಿಲ್ಲ.

ವಿರಾಜಪೇಟೆ ಭರಣಿ

ಉಪ್ಪಿನಕಾಯಿ, ಚಾಕೊಲೇಟ್ ಎರಡನ್ನೂ ಮಾಡಿದವಳಾಗಿ ಮೂಲ ಪ್ರಶ್ನೆಗೆ ಬರುತ್ತೇನೆ. ನಿಮ್ಮ ಹೆರಿಗೆಯ ದಿನಕ್ಕೂ ಸರಕಿನ ಕಾಲಕ್ಕೂ ಒಳ್ಳೆಯ ಹೊಂದಾಣಿಕೆ ಇದೆ, ಅದನ್ನು ಬಳಸಿಕೊಳ್ಳಿ. ಮಳೆಗಾಲದಲ್ಲಿ ಚಾಕೊಲೇಟ್‌ಗೆ ಕೈ ಹಾಕಲೇಬೇಡಿ. ಈ ತೇವದಲ್ಲಿ ಅದರ ಮೇಲೆ ಬಿಳಿ ಪದರ ಕಟ್ಟುತ್ತದೆ, ಕರಗಿಸುವಾಗ ಹನಿ ನೀರು ತಾಕಿದರೂ ಗಂಟುಕಟ್ಟಿಕೊಳ್ಳುತ್ತದೆ, ಅರ್ಧಕ್ಕೆ ಕರೆಂಟು ಹೋದರೆ ಫ್ರಿಜ್‌ನಲ್ಲಿಟ್ಟದ್ದೂ ಕೆಡುತ್ತದೆ. ಈಗ ಕಣಿಲೆಯ (ಎಳೆ ಬಿದಿರಿನ ಮೊಳಕೆಯ) ಕಾಲ. ಅದನ್ನು ಹೆಚ್ಚಿ, ನೀರು ಬದಲಿಸುತ್ತಾ ನೆನೆಸಿ, ಉಪ್ಪು ಹಾಕಿ ಇಡುವ ಕೆಲಸವನ್ನು ಕುಳಿತೇ ಮಾಡಬಹುದು. ನಿಂಬೆ ಮತ್ತು ಗಾಂಧಾರಿ ಮೆಣಸಿನ ಉಪ್ಪಿನಕಾಯಿ ಹಳತಾದಷ್ಟೂ ಹದಕ್ಕೆ ಬರುತ್ತವೆ. ಆಗಸ್ಟ್, ಸೆಪ್ಟೆಂಬರ್‌ನಲ್ಲಿ ಹಾಕಿ ಭರಣಿ ಕಟ್ಟಿಟ್ಟರೆ ದಸರಾದಿಂದ ಕ್ರಿಸ್‌ಮಸ್‌ವರೆಗೆ ತುಂಬಿ ಕಳಿಸುವುದಷ್ಟೇ ಉಳಿಯುತ್ತದೆ. ಹಂದಿಮಾಂಸದ ಉಪ್ಪಿನಕಾಯಿ ಮಾತ್ರ ಬೇಡ. ಅದನ್ನು ಆಗಾಗ ಹೊಸದಾಗಿ ಮಾಡಬೇಕು, ಹಸಿಮಾಂಸ ತೊಳೆದು ಕತ್ತರಿಸುವ ಕೆಲಸ ಬಸುರಿಯರಿಗೆ ಹೇಳಿದ್ದಲ್ಲ, ಹುರಿಯಲು ಗಂಟೆಗಟ್ಟಲೆ ನಿಲ್ಲಬೇಕು. ಅಡುಗೆಗೆ ಹಾಕುವ ಕಪ್ಪು ಹುಳಿ ಕಾಚಂಪುಳಿಯನ್ನು ಸ್ವಂತವಾಗಿ ಕುದಿಸಿ ಇಳಿಸುವವರಾಗಿದ್ದರೆ ಈ ಸಲ ಕೊಂಡು ತನ್ನಿ. ಆ ಒಲೆಯ ಮುಂದೆ ಅಷ್ಟು ಹೊತ್ತು ಯಾವ ಗರ್ಭಿಣಿಯೂ ಕೂರಬಾರದು.

ಕಾಫಿಯ ವಿಷಯ ಇನ್ನೂ ಸುಲಭ. ಹುರಿದು ಪುಡಿ ಮಾಡಿಕೊಡುವ ಅಂಗಡಿಗೆ ನಿಮ್ಮದೇ ಬೀಜ ಒಯ್ದು ಕೊಡಿ. ಕೂಲಿ ಹೋಗುತ್ತದೆ, ಲಾಭ ತೆಳ್ಳಗಾಗುತ್ತದೆ, ಹೋಗಲಿ. ಪುಡಿ ಬಹಳ ದಿನ ಇಟ್ಟರೆ ಘಮ ಹಾರಿಹೋಗುವುದರಿಂದ ಸ್ವಲ್ಪ ಸ್ವಲ್ಪವಾಗಿ ಮಾಡಿಸಿ.

ಇನ್ನು ಆ ಕಚೇರಿಯ ಆರ್ಡರು. ಒಪ್ಪಿಕೊಳ್ಳಿ, ಆದರೆ ಒಂದೇ ಬಗೆಯ ಪೆಟ್ಟಿಗೆ, ಎರಡೇ ರುಚಿ, ದೀಪಾವಳಿಗೆ ಹತ್ತು ದಿನ ಮೊದಲೇ ಕಳಿಸುವ ಷರತ್ತು ಇರಲಿ. ಹೆಸರು ಬರೆದ ಕಾರ್ಡು, ಬಣ್ಣದ ರಿಬ್ಬನ್ ಎಂದು ಕೇಳಿದರೆ ‘ಈ ವರ್ಷ ಇಲ್ಲ’ ಎನ್ನಿ. ಕ್ರಿಸ್‌ಮಸ್‌ಗೆ ಹೊಸ ಆರ್ಡರು ಖಂಡಿತ ಬೇಡ.

ಮಕ್ಕಂದೂರಿನ ಓದುಗ

2018ರ ಆಗಸ್ಟ್‌ನಲ್ಲಿ ನಮ್ಮ ಕಡೆ ಗುಡ್ಡಗಳು ಜರಿದಾಗ ನನ್ನ ಅಕ್ಕನಿಗೆ ದಿನ ತುಂಬಿತ್ತು. ಅವಳನ್ನು ಜುಲೈನಲ್ಲೇ ಮೈಸೂರಿನ ಚಿಕ್ಕಮ್ಮನ ಮನೆಗೆ ಕಳಿಸಿದ್ದರಿಂದ ನಾವು ಉಸಿರಾಡಿದೆವು. ಜನವರಿಯ ಹೆರಿಗೆಗೆ ಆ ಭಯವಿಲ್ಲ, ಆದರೆ ಈ ಎರಡು ತಿಂಗಳು ತಪಾಸಣೆಗೆ ಹೋಗುವ ದಾರಿ, ವಾಹನ, ಫೋನಿನ ಚಾರ್ಜು ಇವನ್ನು ಮೊದಲೇ ನೋಡಿಕೊಂಡಿರಿ. ಮಡಿಕೇರಿಯಲ್ಲಿ ವೈದ್ಯಕೀಯ ಕಾಲೇಜು ಬಂದ ಮೇಲೆ ಅನುಕೂಲವಾಗಿದೆ, ಆದರೂ ತೊಡಕಿನ ಹೆರಿಗೆಯೆಂದರೆ ಮೈಸೂರಿಗೆ ಹೋಗಿ ಎನ್ನುವುದು ಇನ್ನೂ ಇದೆ. ಅದು ಸುಮಾರು 120 ಕಿಲೋಮೀಟರ್ ದಾರಿ. ಆದ್ದರಿಂದ ಒಂಬತ್ತನೇ ತಿಂಗಳಲ್ಲಿ ಸರಕು ಯಾರ ಕೈಯಲ್ಲಿರಬೇಕು ಎಂಬುದಕ್ಕಿಂತ ಕಾರಿನ ಕೀಲಿ ಯಾರ ಕೈಯಲ್ಲಿರಬೇಕು ಎಂಬುದನ್ನು ಮೊದಲು ತೀರ್ಮಾನಿಸಿ.

ಸುಂಟಿಕೊಪ್ಪದ ಗಂಡ

‘ಅಡುಗೆಮನೆಯಲ್ಲಿ ಮೇಸ್ತ್ರಿ ಯಾರು’ ಎಂಬ ಪ್ರಶ್ನೆಗೆ ಗಂಡಸರು ಯಾರೂ ಉತ್ತರಿಸದ ಕಾರಣ ನಾನು ಬರೆಯುತ್ತಿದ್ದೇನೆ. ನನ್ನ ಹೆಂಡತಿ ಮನೆಯಲ್ಲಿ ಕೇಕ್ ಮಾಡಿ ಮಾರುತ್ತಾಳೆ. ಅವಳ ಐದನೇ ತಿಂಗಳಿನಲ್ಲಿ ನಾವು ಒಂದು ಕಾಗದದಲ್ಲಿ ಬೆಳಗಿನಿಂದ ರಾತ್ರಿಯವರೆಗಿನ ಎಲ್ಲ ಕೆಲಸ ಬರೆದೆವು, ಕೇಕಿನದ್ದೂ ಮನೆಯದ್ದೂ ಒಟ್ಟಿಗೆ. ಬರೆದು ನೋಡಿದರೆ ಅವಳನ್ನು ಹೈರಾಣಾಗಿಸುತ್ತಿದ್ದದ್ದು ಕೇಕಿಗಿಂತ ಹೆಚ್ಚಾಗಿ ಮೂರು ಹೊತ್ತಿನ ಅಡುಗೆ, ಪಾತ್ರೆ, ನೆಂಟರ ಕಾಫಿ. ರಾತ್ರಿಯ ಅಡುಗೆ ಮತ್ತು ಪಾತ್ರೆ ನನ್ನ ಪಾಲಿಗೆ ಬಂದವು. ಬೆಳಿಗ್ಗೆ 8ರಿಂದ 11ರವರೆಗೆ ಅವಳನ್ನು ಯಾರೂ ಕರೆಯುವ ಹಾಗಿಲ್ಲ ಎಂದು ನಮ್ಮ ತಾಯಿಯೇ ನಿಯಮ ಮಾಡಿದರು. ಆ ಮೂರು ಗಂಟೆಯಲ್ಲಿ ಅವಳು ಮಾಡುತ್ತಿದ್ದ ಕೆಲಸ ಹಿಂದೆ ಇಡೀ ದಿನ ಹರಡಿಕೊಂಡಿರುತ್ತಿತ್ತು.

ಚೆಟ್ಟಳ್ಳಿ ಓದುಗಿ

ಅತ್ತೆಯೇ ನಿಯಮ ಮಾಡಿದರೆಂಬುದನ್ನು ಮೂರು ಸಲ ಓದಿದೆ. ನಮ್ಮ ಮನೆಗೂ ಅವರನ್ನು ಒಮ್ಮೆ ಕಳಿಸಿಕೊಡಿ.

ಮಡಿಕೇರಿ ಲೆಕ್ಕಪತ್ರ

ಹಣದ ಭಾಗವನ್ನು ಯಾರೂ ಮುಟ್ಟಿಲ್ಲ. ಕಚೇರಿಯಲ್ಲಿ ದುಡಿಯುವವರಿಗೆ 1961ರ ಹೆರಿಗೆ ಸೌಲಭ್ಯ ಕಾಯ್ದೆಗೆ 2017ರಲ್ಲಿ ಆದ ತಿದ್ದುಪಡಿಯಿಂದ ಸಂಬಳ ಸಹಿತ ರಜೆ 12 ವಾರದಿಂದ 26 ವಾರಕ್ಕೆ ಏರಿತು. ತಮಗೆ ತಾವೇ ಒಡೆಯರಾದವರಿಗೆ ಆ ರಜೆ ಇಲ್ಲ, ಅದರ ಸಂಬಳವನ್ನು ನೀವೇ ಮೊದಲು ಕೂಡಿಡಬೇಕು. ಈಗಿನಿಂದ ಡಿಸೆಂಬರ್‌ವರೆಗೆ ಬರುವ ಪ್ರತಿ ಆರ್ಡರಿನಿಂದ ಒಂದು ಪಾಲನ್ನು ಬೇರೆ ಖಾತೆಗೆ ಹಾಕಿ, ಫೆಬ್ರವರಿಯಿಂದ ಮೇವರೆಗಿನ ಮನೆಖರ್ಚಿಗೆ ಅದನ್ನು ತಿಂಗಳ ಸಂಬಳದಂತೆ ತೆಗೆದುಕೊಳ್ಳಿ.

ಪ್ರಧಾನಮಂತ್ರಿ ಮಾತೃವಂದನಾ ಯೋಜನೆಯಲ್ಲಿ ಅರ್ಹರಿಗೆ ಮೊದಲ ಮಗುವಿಗೆ 5,000 ರೂಪಾಯಿ ಬರುತ್ತದೆ, ಎರಡನೆಯದು ಹೆಣ್ಣಾದರೆ 6,000. ಮನೆಯಿಂದ ವ್ಯಾಪಾರ ಮಾಡುವವರು ತಮಗೆ ಇದು ಬರುವುದಿಲ್ಲವೆಂದು ತಾವೇ ತೀರ್ಮಾನಿಸಿ ಕೇಳುವುದನ್ನೇ ಬಿಡುತ್ತಾರೆ. ತಾಯಿ ಕಾರ್ಡ್, ಆಧಾರ್, ಬ್ಯಾಂಕ್ ಪುಸ್ತಕ ತೆಗೆದುಕೊಂಡು ಅಂಗನವಾಡಿಯಲ್ಲಿ ವಿಚಾರಿಸಿ.

ಮುಂಗಡದ ಬಗ್ಗೆ ಒಂದು ಎಚ್ಚರಿಕೆ. ಕಚೇರಿಯ ಹಣ ಬಂದ ಕೂಡಲೇ ಎಲ್ಲವನ್ನೂ ಸಾಮಾನಿಗೆ ಸುರಿಯಬೇಡಿ. ವೈದ್ಯರು ನಾಳೆಯೇ ಮಲಗಿರಿ ಎಂದರೆ ಹಿಂದಿರುಗಿಸಲು ಹಣ ಕೈಯಲ್ಲಿರಬೇಕು. ‘ಆರೋಗ್ಯದ ಕಾರಣದಿಂದ ನಿಂತರೆ ಇಷ್ಟು ದಿನದಲ್ಲಿ ಮುಂಗಡ ವಾಪಸ್’ ಎಂಬ ಸಾಲನ್ನು ಮಾತುಕತೆಯ ಸಮಯದಲ್ಲೇ ಸಂದೇಶದಲ್ಲಿ ಬರೆದು ಕಳಿಸಿ.

ವಿರಾಜಪೇಟೆ ಭರಣಿ

ಹಾಗೆ ಬರೆದರೆ ಬಸುರಿಯೆಂದು ಹೇಳಿದಂತೆಯೇ ಆಯಿತಲ್ಲ! ನಾನು ಗಿರಾಕಿಗಳಿಗೆ ಹೇಳಲೇ ಇಲ್ಲ. ಹೇಳಿದರೆ ಕಚೇರಿಯವರು ಮೆಲ್ಲಗೆ ಬೇರೆಯವರನ್ನು ಹುಡುಕುತ್ತಾರೆ.

ಕುಶಾಲನಗರ ಹೊಲಿಗೆಮನೆ

ನಾನು ಎಲ್ಲರಿಗೂ ಹೇಳಿದೆ. ತಡವಾದಾಗ ಸುಳ್ಳು ನೆಪ ಹುಡುಕುವ ಶ್ರಮ ಉಳಿಯಿತು. ಹಳೆಯ ಗಿರಾಕಿಯೊಬ್ಬರು ಮಗುವಿಗೆಂದು ಸ್ವೆಟರ್ ಹೆಣೆದು ತಂದರು.

ಗೋಣಿಕೊಪ್ಪದ ಸೊಸೆ

ನಮ್ಮ ಕಡೆ ಐದು ತಿಂಗಳು ತುಂಬುವವರೆಗೆ ಯಾರಿಗೂ ಹೇಳಬಾರದು, ದೃಷ್ಟಿ ತಾಕುತ್ತದೆ ಎನ್ನುತ್ತಾರೆ. ನಾನು ನಂಬುವುದಿಲ್ಲ, ಆದರೆ ಅಜ್ಜಿಯೊಂದಿಗೆ ವಾದಿಸುವುದೂ ಇಲ್ಲ.

ಮಡಿಕೇರಿ ಲೆಕ್ಕಪತ್ರ

ವಿರಾಜಪೇಟೆಯವರೇ, ‘ಆರೋಗ್ಯದ ಕಾರಣ’ ಎಂದರೆ ಬಸುರು ಎಂದೇ ಅರ್ಥವಲ್ಲ, ಜ್ವರವೂ ಆರೋಗ್ಯದ ಕಾರಣವೇ. ಹೇಳುವುದು ಬಿಡುವುದು ಅವರವರ ಇಷ್ಟ. ಆದರೆ ತಮ್ಮ ಹಬ್ಬಕ್ಕೆ ನಿಮ್ಮನ್ನು ನೆಚ್ಚಿಕೊಂಡ ದೊಡ್ಡ ಗಿರಾಕಿಯಿಂದ ಕೊನೆಯ ತನಕ ಮುಚ್ಚಿಟ್ಟರೆ, ಮುಂದಿನ ವರ್ಷ ಅವರು ನಿಮ್ಮ ಮಾತನ್ನು ನಂಬುವುದು ಕಷ್ಟ.

ವಿರಾಜಪೇಟೆ ಭರಣಿ

ನಾನು ಕೊನೆಯ ತನಕ ಎಂದು ಎಲ್ಲಿ ಹೇಳಿದೆ? ಕೆಲಸ ಮುಗಿಸಿ ಕಳಿಸಿದ ಮೇಲೆ ಹೇಳಿದೆ. ಸರಕು ಸರಿಯಾದ ಹೊತ್ತಿಗೆ ಸರಿಯಾಗಿ ತಲುಪಿದರೆ ನನ್ನ ಹೊಟ್ಟೆಯ ವಿಚಾರ ಅವರಿಗೆ ಯಾಕೆ? ಗಂಡಸರೊಬ್ಬರು ಹಬ್ಬದ ಆರ್ಡರು ಒಪ್ಪಿಕೊಳ್ಳುವಾಗ ತಮ್ಮ ಬಿಪಿ ಎಷ್ಟೆಂದು ಹೇಳುತ್ತಾರೆಯೇ?

ಸಿದ್ದಾಪುರದ ತೋಟದವರು

ಹೇಳುವುದಿಲ್ಲ. ಈ ಮಾತಿಗೆ ನನ್ನ ಮತವೂ ಇದೆ.

ಮೂರ್ನಾಡು ಮನೆರುಚಿ

ಎಲ್ಲರಿಗೂ ಧನ್ಯವಾದಗಳು. ನಿಮ್ಮ ಮಾತುಗಳನ್ನು ರಾತ್ರಿ ಮನೆಯವರ ಮುಂದೆ ಓದಿದೆ, ಸುಂಟಿಕೊಪ್ಪದವರದ್ದನ್ನು ಸ್ವಲ್ಪ ಗಟ್ಟಿಯಾಗಿಯೇ ಓದಿದೆ. ಹೀಗೆ ತೀರ್ಮಾನಿಸಿದ್ದೇವೆ: ಕಾಫಿಯನ್ನು ಹೊರಗೆ ಹುರಿಸಿ ಪುಡಿ ಮಾಡಿಸುವುದು, ಕಣಿಲೆ, ನಿಂಬೆ, ಗಾಂಧಾರಿ ಮೂರೇ ಉಪ್ಪಿನಕಾಯಿ, ಅದೂ ಸೆಪ್ಟೆಂಬರ್ ಕೊನೆಯೊಳಗೆ, ಕಚೇರಿಯ ಆರ್ಡರಿಗೆ ಒಂದೇ ಪೆಟ್ಟಿಗೆ, ಎರಡು ರುಚಿ. ಡಿಸೆಂಬರ್‌ನಿಂದ ಮುಂದಕ್ಕೆ, ಮೊದಲೇ ಹಾಕಿಟ್ಟ ಉಪ್ಪಿನಕಾಯಿ ಖಾಲಿಯಾಗುವವರೆಗೆ ಮಾತ್ರ ಮಾರಾಟ. ಪಾರ್ಸೆಲ್‌ಗಳನ್ನು ವಾರಕ್ಕೆ ಎರಡು ದಿನ ನಮ್ಮವರು ಮಡಿಕೇರಿ ಬಸ್ ನಿಲ್ದಾಣದಲ್ಲಿ ಕಾರ್ಗೋಗೆ ಹಾಕುತ್ತಾರೆ. ಕಚೇರಿಯವರಿಗೆ ವಿಷಯ ತಿಳಿಸಿದೆ, ಮುಂಗಡದ ಷರತ್ತಿಗೂ ಒಪ್ಪಿದರು. ವಿರಾಜಪೇಟೆ ಅಕ್ಕ ಬೇಸರಿಸಬಾರದು, ಮುಚ್ಚಿಟ್ಟುಕೊಂಡು ಕೆಲಸ ಮಾಡುವ ಸ್ವಭಾವ ನನ್ನದಲ್ಲ.

ಒಂದು ಸಂದೇಹ ಉಳಿದಿದೆ. ಚಾಕೊಲೇಟ್ ಕೆಲಸಕ್ಕೆ ನಾಪೋಕ್ಲಿನ ನನ್ನ ನಾದಿನಿ ಒಪ್ಪಿದ್ದಾಳೆ, ಅವಳ ಮನೆಯಲ್ಲೇ ಮಾಡಿಕೊಡುತ್ತೇನೆ ಎನ್ನುತ್ತಾಳೆ. ನನ್ನ ಆಹಾರ ನೋಂದಣಿಯ ನಂಬರ್ ಇರುವ ಲೇಬಲ್ ಅನ್ನೇ ಅಂಟಿಸಬಹುದೇ?

ಮಡಿಕೇರಿ ಲೆಕ್ಕಪತ್ರ

ಹಾಗೆಯೇ ಅಂಟಿಸಬೇಡಿ. ಎಫ್‌ಎಸ್‌ಎಸ್‌ಎಐ ನೋಂದಣಿ ಸರಕು ತಯಾರಾಗುವ ಸ್ಥಳಕ್ಕೆ ಸೇರಿದ್ದು. ಲೇಬಲ್ಲಿನ 14 ಅಂಕಿಗಳ ಆ ಸಂಖ್ಯೆ ನಿಮ್ಮ ಮೂರ್ನಾಡಿನ ಅಡುಗೆಮನೆಯದ್ದು, ನಾಪೋಕ್ಲಿನದ್ದಲ್ಲ. ಎರಡು ದಾರಿಗಳಿವೆ: ನಾದಿನಿ ತಮ್ಮ ಮನೆಗೆ ಬೇರೆ ನೋಂದಣಿ ಮಾಡಿಸಿಕೊಂಡು ತಯಾರಿಸಿದವರ ವಿಳಾಸ, ಸಂಖ್ಯೆಗಳೊಂದಿಗೆ ಲೇಬಲ್ ಹಾಕಬೇಕು, ಇಲ್ಲವೇ ನಿಮ್ಮ ಮನೆಗೇ ಬಂದು ಕೆಲಸ ಮಾಡಿ ಹೋಗಬೇಕು. ಅರ್ಜಿ ಆನ್‌ಲೈನ್‌ನಲ್ಲೇ ಹಾಕಬಹುದು, ದೀಪಾವಳಿಗೆ ಇನ್ನೂ ಸಮಯವಿದೆ.

ಕಕ್ಕಬೆ ಹೋಮ್‌ಸ್ಟೇ

ನಿಮ್ಮ ಮನೆಗೇ ಕರೆಸಿಕೊಳ್ಳಿ ತಂಗಿ. ಸರಕು ಕಣ್ಣೆದುರಿಗೇ ಇರುತ್ತದೆ, ನೀವು ಕುಳಿತಲ್ಲಿಂದ ಹೇಳಬಹುದು. ಅವರ ಕೂಲಿಯನ್ನು ಮಾತ್ರ ನಾದಿನಿಯೆಂದು ಸಂಕೋಚಪಡದೆ ಮೊದಲೇ ಮಾತಾಡಿಬಿಡಿ.

ಮೂರ್ನಾಡು ಮನೆರುಚಿ

ಮಾತಾಡಿಯಾಯಿತು ಅಕ್ಕ. ಸೋಮವಾರದಿಂದ ಶನಿವಾರದವರೆಗೆ ಬೆಳಗಿನ ಹೊತ್ತು ಇಲ್ಲಿಗೇ ಬರುತ್ತಾಳೆ. ಪೆಟ್ಟಿಗೆಯ ಲೆಕ್ಕದಲ್ಲಿ ಕೂಲಿ, ಬಸ್ಸಿನ ಖರ್ಚು ನನ್ನದು.